ಪ್ರೋಗ್ರಾಂ ಪಳಗುವುದು ಮಷಿನ್ ಪಕ್ಕದಲ್ಲಿ: ಸಿಎನ್‌ಸಿ ಪ್ರೋಗ್ರಾಮರ್‌ಗೆ ಹನ್ನೆರಡು ಸೂತ್ರಗಳು

ಬೆಂಗಳೂರಿನ ಪೀಣ್ಯದ ಯಾವ ಕ್ರಾಸಿಗೆ ಹೋದರೂ ಶೆಡ್ಡಿನ ಗೇಟಿಗೆ ಕಟ್ಟಿದ ಬೋರ್ಡ್ ಕಾಣುತ್ತದೆ: ‘ಬೇಕಾಗಿದ್ದಾರೆ – ಸಿಎನ್‌ಸಿ ಆಪರೇಟರ್, ಸೆಟ್ಟರ್, ಪ್ರೋಗ್ರಾಮರ್’. ಸಾಮಾನ್ಯವಾಗಿ ಸಂಬಳ ಏರುವುದೂ ಅದೇ ಕ್ರಮದಲ್ಲಿ. ಮೊದಲ ಮೆಟ್ಟಿಲಿನಲ್ಲಿ ನಿಂತ ಹುಡುಗ ಹುಡುಗಿಯರು ಮೂರನೆಯದಕ್ಕೆ ಏರಬೇಕೆಂದು ಜಿ ಕೋಡ್, ಎಂ ಕೋಡ್‌ಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ಪಟ್ಟಿ ಬೇಕು, ಆದರೆ ಅದು ಬೇಗ ಬರುತ್ತದೆ. ಬರಲು ತಡವಾಗುವುದು ಡ್ರಾಯಿಂಗ್, ಟೂಲ್, ಅಳತೆ ಈ ಮೂರರ ಅರಿವು. ಅದಿದ್ದವರು ಬರೆದ ಪ್ರೋಗ್ರಾಂ ರಾತ್ರಿ ಪಾಳಿಯಲ್ಲೂ ಫೋನ್ ಕರೆ ಬರದಂತೆ ಓಡುತ್ತದೆ. ಆ ಅರಿವಿನ ಕಡೆಗೆ ಕೆಲವು ಸೂತ್ರಗಳು ಇಲ್ಲಿವೆ. ಕೋಡ್‌ಗಳ ಉದಾಹರಣೆಗಳು ನಮ್ಮ ಶೆಡ್ಡುಗಳಲ್ಲಿ ಹೆಚ್ಚು ಕಾಣುವ ಫನುಕ್ ಕಂಟ್ರೋಲಿನವು.

1. ಕೀಬೋರ್ಡ್ ಮುಟ್ಟುವ ಮುನ್ನ ಡ್ರಾಯಿಂಗ್ ಓದಿ

ಅಂಕಿಗಿಂತ ಮೊದಲು ಟಾಲರೆನ್ಸ್ ನೋಡಿ. 25 ಎಚ್7 ಬೋರ್ ಎಂದರೆ 25.000ರಿಂದ 25.021ರವರೆಗೆ ಮಾತ್ರ. ಪ್ರೋಗ್ರಾಂನಲ್ಲಿ 25.010 ಬರೆದರೆ ಟೂಲ್ ಸವೆಯಲು ಎರಡೂ ಕಡೆ ಜಾಗ ಉಳಿಯುತ್ತದೆ. 40 ಮಿಮೀ ಶಾಫ್ಟಿಗೆ ಮೇಲೆ ಸೊನ್ನೆ, ಕೆಳಗೆ 0.05 ಕೊಟ್ಟಿದ್ದರೆ ಗುರಿ 39.975. ಡೇಟಂ ಎಲ್ಲಿದೆಯೋ ಅಲ್ಲೇ ಪ್ರೋಗ್ರಾಂ ಝೀರೋ ಇಡಿ. ಟಚ್ ಮಾಡಲು ಸುಲಭವೆಂದು ಬೇರೆ ಮುಖ ಹಿಡಿದರೆ ಎರಡು ಟಾಲರೆನ್ಸ್‌ಗಳು ಕೂಡಿಕೊಂಡು ತಪಾಸಣೆಯಲ್ಲಿ ತಲೆನೋವಾಗುತ್ತವೆ. ಒಂದಕ್ಕೊಂದು ಏಕಕೇಂದ್ರವಾಗಿರಬೇಕಾದ ವ್ಯಾಸಗಳಿದ್ದರೆ ಅವನ್ನೆಲ್ಲ ಒಂದೇ ಸೆಟ್ಟಿಂಗ್‌ನಲ್ಲಿ ಮುಗಿಸಿ.

2. ಜಾಬ್ ಹಿಡಿಯುವ ಬಗೆಯನ್ನು ಮೊದಲು ಕಾಗದದ ಮೇಲೆ ತೀರ್ಮಾನಿಸಿ

ತೆಳು ಗೋಡೆಯ ಬುಷ್ ಅನ್ನು ಚಕ್‌ನ ಮೂರು ದವಡೆಗಳಲ್ಲಿ (ಜಾ) ಬಿಗಿದು ಬೋರ್ ಮಾಡಿದರೆ ಚಕ್‌ನಲ್ಲಿರುವಾಗ ಅದು ಗುಂಡಗೇ ಇರುತ್ತದೆ. ಬಿಚ್ಚಿದ ಕೂಡಲೇ ಮೂರು ಮೂಲೆಯಾಗುತ್ತದೆ. ಎಷ್ಟೇ ಅಚ್ಚುಕಟ್ಟಾದ ಪ್ರೋಗ್ರಾಂ ಬರೆದರೂ ಇದನ್ನು ತಿದ್ದಲಾಗದು. ಸಾಫ್ಟ್ ಜಾಗಳನ್ನು ಜಾಬ್‌ನ ವ್ಯಾಸಕ್ಕೇ ಬೋರ್ ಮಾಡಿಕೊಳ್ಳಿ, ರಫಿಂಗ್ ಎಲ್ಲ ಮುಗಿದ ಮೇಲೆ ಒತ್ತಡ ತಗ್ಗಿಸಿ ಫಿನಿಶಿಂಗ್ ಮಾಡಿ.

3. ಸ್ಪೀಡ್, ಫೀಡ್ ನಿಮ್ಮದೇ ಲೆಕ್ಕವಾಗಿರಲಿ

‘ಹಿಂದಿನವರು 1,200 ಇಟ್ಟಿದ್ದರು, ನಾನೂ ಇಟ್ಟೆ’ ಎನ್ನುವುದು ಲೆಕ್ಕವಲ್ಲ. ಕಟಿಂಗ್ ಸ್ಪೀಡನ್ನು 1,000ದಿಂದ ಗುಣಿಸಿ, ವ್ಯಾಸ ಮತ್ತು 3.14ರ ಗುಣಲಬ್ಧದಿಂದ ಭಾಗಿಸಿದರೆ ಆರ್‌ಪಿಎಂ ಸಿಗುತ್ತದೆ. 10 ಮಿಮೀ ಕಾರ್ಬೈಡ್ ಎಂಡ್‌ಮಿಲ್ ಅನ್ನು ನಿಮಿಷಕ್ಕೆ 100 ಮೀಟರ್ ವೇಗದಲ್ಲಿ ಓಡಿಸಬೇಕೆಂದರೆ 3,180ರ ಆಸುಪಾಸು. ನಾಲ್ಕು ಹಲ್ಲು, ಹಲ್ಲಿಗೆ 0.05 ಮಿಮೀ ಎಂದರೆ ಫೀಡ್ ನಿಮಿಷಕ್ಕೆ 636 ಮಿಮೀ. ಟ್ಯಾಪಿಂಗ್‌ನಲ್ಲಂತೂ ಅಂದಾಜಿಗೆ ಜಾಗವೇ ಇಲ್ಲ: ಎಂ10 ಟ್ಯಾಪಿನ ಪಿಚ್ 1.5, ಆರ್‌ಪಿಎಂ 400 ಇದ್ದರೆ ಫೀಡ್ 600 ಆಗಿರಲೇಬೇಕು. ಆಪರೇಟರ್ ಸ್ಪೀಡ್ ಬದಲಿಸಿ ಫೀಡ್ ಮರೆತರೆ ಟ್ಯಾಪ್ ಒಳಗೇ ಮುರಿಯುತ್ತದೆ.

ಟರ್ನಿಂಗ್‌ನಲ್ಲಿ ಫಿನಿಶ್ ಬರುತ್ತಿಲ್ಲ ಎಂದಾಗ ಇನ್ನೊಂದು ಲೆಕ್ಕ ನೆರವಿಗೆ ಬರುತ್ತದೆ. ಮೇಲ್ಮೈಯ ಏರುತಗ್ಗಿನ ಎತ್ತರವೆಂದರೆ ಸ್ಥೂಲವಾಗಿ ಫೀಡಿನ ವರ್ಗವನ್ನು ನೋಸ್ ರೇಡಿಯಸ್‌ನ ಎಂಟು ಪಟ್ಟಿನಿಂದ ಭಾಗಿಸಿದಷ್ಟು. 0.8 ರೇಡಿಯಸ್‌ಗೆ 0.2 ಫೀಡ್ ಕೊಟ್ಟರೆ ಆರು ಮೈಕ್ರಾನ್‌ಗೂ ತುಸು ಹೆಚ್ಚು, 0.1 ಕೊಟ್ಟರೆ ಒಂದೂವರೆ. ಫೀಡ್ ಅರ್ಧವಾದರೆ ಒರಟುತನ ಕಾಲು ಭಾಗಕ್ಕೆ ಇಳಿಯುತ್ತದೆ. ಇದು ಗೊತ್ತಿದ್ದವರು ಸುಮ್ಮನೆ ಸ್ಪೀಡ್ ಏರಿಸುತ್ತಾ ಕೂರುವುದಿಲ್ಲ.

4. ಇನ್ಸರ್ಟ್ ಡಬ್ಬಿಯನ್ನು ಓದಿ

ಸಿಎನ್‌ಎಂಜಿ 120408 ಎಂಬ ಗುರುತಿನಲ್ಲಿ 80 ಡಿಗ್ರಿ ಆಕಾರದಿಂದ ಹಿಡಿದು 0.8 ನೋಸ್ ರೇಡಿಯಸ್‌ವರೆಗೆ ಎಲ್ಲವೂ ಇದೆ. ಡಬ್ಬಿಯ ಬಣ್ಣಕ್ಕೂ ಅರ್ಥವಿದೆ: ನೀಲಿ ಉಕ್ಕಿಗೆ, ಹಳದಿ ಸ್ಟೇನ್‌ಲೆಸ್‌ಗೆ, ಕೆಂಪು ಬೀಡುಕಬ್ಬಿಣಕ್ಕೆ, ಹಸಿರು ಅಲ್ಯೂಮಿನಿಯಂನಂಥ ಲೋಹಗಳಿಗೆ. ಕಟಿಂಗ್ ಸ್ಪೀಡ್, ಫೀಡ್, ಕಟ್‌ನ ಆಳ ಎಷ್ಟರಿಂದ ಎಷ್ಟು ಎಂದು ಡಬ್ಬಿಯ ಮೇಲೋ ಕ್ಯಾಟಲಾಗ್‌ನಲ್ಲೋ ತಯಾರಕರೇ ಅಚ್ಚು ಹಾಕಿರುತ್ತಾರೆ. ಖಾಲಿ ಡಬ್ಬಿ ಎಸೆಯುವ ಮುನ್ನ ಆ ಅಂಕಿಗಳನ್ನು ನಿಮ್ಮ ಪುಸ್ತಕಕ್ಕೆ ಇಳಿಸಿಕೊಳ್ಳಿ.

5. ಮಷಿನ್ ಗುದ್ದುವ ಜಾಗಗಳನ್ನು ಹೆಸರು ಹಿಡಿದು ಗುರುತಿಸಿ

ಒಂದು ಗುದ್ದಿಗೆ ಸ್ಪಿಂಡಲ್ ಬೇರಿಂಗ್ ಹೋಗುತ್ತದೆ, ಟರೆಟ್ ಅಲೈನ್‌ಮೆಂಟ್ ತಪ್ಪುತ್ತದೆ, ಮಷಿನ್ ದಿನಗಟ್ಟಲೆ ನಿಲ್ಲುತ್ತದೆ. ಸಣ್ಣ ಶೆಡ್ಡಿನ ಮಾಲೀಕರಿಗೆ ಅದು ಬ್ಯಾಂಕ್ ಕಂತಿನ ಪ್ರಶ್ನೆ. ಪಕ್ಕದಲ್ಲಿ ನಿಂತ ಆಪರೇಟರ್‌ಗೆ ಪ್ರಾಣದ ಪ್ರಶ್ನೆಯೂ ಆಗಬಹುದು. ಗುದ್ದುವ ಕಾರಣಗಳು ಮಾತ್ರ ಬೆರಳೆಣಿಕೆಯಷ್ಟೇ.

ದಶಮಾಂಶ ಬಿಂದು ಮೊದಲನೆಯದು. ಎಷ್ಟೋ ಮಷಿನ್‌ಗಳ ಪ್ಯಾರಾಮೀಟರ್ ಸೆಟ್ಟಿಂಗ್‌ನಲ್ಲಿ ಬಿಂದುವಿಲ್ಲದ ‘ಎಕ್ಸ್100’ ಎಂದರೆ 100 ಮೈಕ್ರಾನ್, ಅಂದರೆ 0.1 ಮಿಮೀ. ಬಿಂದು ಹಾಕಿದರಷ್ಟೇ 100 ಮಿಮೀ. ಎರಡನೆಯದು ಜಿ28. ಈ ಕೋಡ್ ಹೋಮ್‌ಗೆ ಹೋಗುವ ಮುನ್ನ ನೀವು ಬರೆದ ನಡುಬಿಂದುವಿಗೆ ಹೋಗುತ್ತದೆ. ಮಿಲ್ಲಿಂಗ್‌ನಲ್ಲಿ ಜಿ90 ಜಾರಿಯಲ್ಲಿರುವಾಗ ‘ಜಿ28 ಝಡ್0’ ಬರೆದರೆ ಟೂಲ್ ಮೊದಲು ಜಾಬ್‌ನ ಝೀರೋಗೇ ರ‍್ಯಾಪಿಡ್‌ನಲ್ಲಿ ಇಳಿಯುತ್ತದೆ. ‘ಜಿ91 ಜಿ28 ಝಡ್0’ ಬರೆದರೆ ಇದ್ದಲ್ಲಿಂದ ನೇರ ಮೇಲೆ. ಮೂರನೆಯದು, ಐದನೇ ಟೂಲಿಗೆ ನಾಲ್ಕನೆಯದರ ಲೆಂಗ್ತ್ ಆಫ್‌ಸೆಟ್ ಕರೆಯುವುದು. ಟಿ ಸಂಖ್ಯೆ, ಎಚ್ ಸಂಖ್ಯೆ ಸದಾ ಒಂದೇ ಇರಲಿ. ನಾಲ್ಕನೆಯದು ಜಿ00. ಎರಡು ಆಕ್ಸಿಸ್ ಒಟ್ಟಿಗೆ ಕೊಟ್ಟಾಗ ಅನೇಕ ಮಷಿನ್‌ಗಳಲ್ಲಿ ದಾರಿ ನೇರವಾಗಿರದೆ ನಡುವೆ ಮುರಿಯುತ್ತದೆ. ಆ ತಿರುವಿನಲ್ಲಿ ಕ್ಲ್ಯಾಂಪ್ ಇದ್ದರೆ ಮುಗಿಯಿತು. ಐದನೆಯದು ಟರ್ನಿಂಗ್‌ನ ಜಿ96: ಫೇಸಿಂಗ್ ಮಾಡುತ್ತಾ ನಡುವಿಗೆ ಹೋದಂತೆ ವ್ಯಾಸ ಕುಗ್ಗಿ ಚಕ್‌ನ ವೇಗ ಏರುತ್ತಲೇ ಹೋಗುತ್ತದೆ. ಮೊದಲೇ ಜಿ50ಯಲ್ಲಿ ಗರಿಷ್ಠ ಆರ್‌ಪಿಎಂ ಕಟ್ಟಿಹಾಕದಿದ್ದರೆ ಭಾರದ ಜಾಬ್ ಚಕ್‌ನಿಂದ ಹಾರಬಹುದು.

ಹೊಸ ಪ್ರೋಗ್ರಾಂನ ಮೊದಲ ಪೀಸ್ ಸಿಂಗಲ್ ಬ್ಲಾಕ್‌ನಲ್ಲಿ, ರ‍್ಯಾಪಿಡ್ ಶೇಕಡಾ 25ರಲ್ಲಿ, ಕಣ್ಣು ‘ಡಿಸ್ಟೆನ್ಸ್ ಟು ಗೋ’ ಮೇಲೆ. ಟೂಲ್ ಜಾಬ್‌ನಿಂದ ಹತ್ತು ಮಿಮೀ ದೂರದಲ್ಲಿದ್ದು, ಪರದೆ ಇನ್ನೂ ಐವತ್ತು ಬಾಕಿ ಎಂದರೆ ಫೀಡ್ ಹೋಲ್ಡ್ ಒತ್ತಿ. ಎಷ್ಟೇ ಅನುಭವಿಗಳಾದರೂ, ಮಾಲೀಕರು ಎಷ್ಟೇ ಅವಸರಪಡಿಸಿದರೂ ಇದನ್ನು ಬಿಡಬಾರದು.

6. ಕಾಂಪೆನ್ಸೇಷನ್‌ಗೆ ಹೆದರಬೇಡಿ

ಟೂಲಿನ ರೇಡಿಯಸ್ಸನ್ನು ಲೆಕ್ಕಕ್ಕೆ ಹಿಡಿಯುವ ಜಿ41, ಜಿ42 ಕೋಡ್‌ಗಳನ್ನು ತಪ್ಪಿಸಿಕೊಂಡು ವರ್ಷಗಟ್ಟಲೆ ಕೆಲಸ ಮಾಡುವವರಿದ್ದಾರೆ. ನೇರ ವ್ಯಾಸ, ನೇರ ಮುಖದಲ್ಲಿ ಅದು ನಡೆಯುತ್ತದೆ. ಟೇಪರ್, ರೇಡಿಯಸ್, ಚಾಂಫರ್ ಬಂದಾಗ ನಡೆಯದು. 0.8 ನೋಸ್ ರೇಡಿಯಸ್‌ನ ಟೂಲಿನಲ್ಲಿ ಕಾಂಪೆನ್ಸೇಷನ್ ಇಲ್ಲದೆ 45 ಡಿಗ್ರಿಯ 1 ಮಿಮೀ ಚಾಂಫರ್ ಹಾಕಿದರೆ ಜಾಬ್ ಮೇಲೆ ಬರುವುದು ಅರ್ಧ ಮಿಮೀ ಚಿಲ್ಲರೆ. ಆಫ್‌ಸೆಟ್ ಪುಟದಲ್ಲಿ ರೇಡಿಯಸ್ ಮತ್ತು ಟೂಲ್ ತುದಿಯ ದಿಕ್ಕಿನ ಸಂಖ್ಯೆ ಎರಡನ್ನೂ ತುಂಬಿ.

7. ಕ್ಯಾಮ್ ಸಾಫ್ಟ್‌ವೇರ್ ಕಲಿಯಿರಿ, ಕೈಬರಹ ಬಿಡಬೇಡಿ

ಮೋಲ್ಡ್‌ನ ಕೋರ್, ಕ್ಯಾವಿಟಿ ಕೈಯಲ್ಲಿ ಬರೆಯಲಾಗದು. ಮಾಸ್ಟರ್‌ಕ್ಯಾಮ್, ಎನ್‌ಎಕ್ಸ್, ಫ್ಯೂಷನ್ ಯಾವುದಾದರೂ ಒಂದನ್ನು ಆಳವಾಗಿ ಕಲಿಯಿರಿ. ಆದರೆ ಸಾಫ್ಟ್‌ವೇರ್ ಹೊರಹಾಕಿದ ಸಾಲುಗಳನ್ನು ಓದಿ ‘ಇಲ್ಲಿ ಕೂಲೆಂಟ್ ಆನ್ ಆಗಿಲ್ಲ’ ಎಂದು ಹೇಳಬಲ್ಲವರೇ ಪ್ರೋಗ್ರಾಮರ್. ಪೋಸ್ಟ್ ಪ್ರೊಸೆಸರ್ ನಿಮ್ಮ ಮಷಿನ್‌ಗೆ ಸರಿಹೊಂದದಿದ್ದರೆ ಪರದೆಯ ಮೇಲಿನ ಚೆಂದದ ಸಿಮ್ಯುಲೇಷನ್ ಕೆಲಸಕ್ಕೆ ಬಾರದು.

8. ಮ್ಯಾಕ್ರೋ ಕಲಿತವರ ಮಾತಿಗೆ ತೂಕ ಹೆಚ್ಚು

ಒಂದೇ ರೂಪದ ಫ್ಲ್ಯಾಂಜ್, ಹತ್ತು ಅಳತೆ. ಒಮ್ಮೆ ಆರು ತೂತು, ಮತ್ತೊಮ್ಮೆ ಎಂಟು. ಪ್ರತಿಯೊಂದಕ್ಕೂ ಬೇರೆ ಪ್ರೋಗ್ರಾಂ ಬರೆಯುವ ಬದಲು ವ್ಯಾಸ, ತೂತಿನ ಸಂಖ್ಯೆ, ಆಳವನ್ನು ವೇರಿಯಬಲ್ ಮಾಡಿ ಜಿ65ರಲ್ಲಿ ಕರೆಯಿರಿ. #100ರ ಸಾಲಿನವು ಮಷಿನ್ ಆರಿಸಿದಾಗ ಅಳಿಯುತ್ತವೆ, #500ರ ಸಾಲಿನವು ಉಳಿಯುತ್ತವೆ. ಟೂಲ್ ಎಷ್ಟು ಪೀಸ್ ಕತ್ತರಿಸಿತು ಎಂಬ ಎಣಿಕೆಯನ್ನು ಎರಡನೆಯದರಲ್ಲಿ ಇಡಿ.

9. ಗಾಳಿ ಕತ್ತರಿಸುವ ಸಮಯವನ್ನು ಹುಡುಕಿ

ಸೈಕಲ್ ಟೈಮ್ ತಗ್ಗಿಸಿ ಎಂದರೆ ಹೆಚ್ಚಿನವರು ಫೀಡ್ ಏರಿಸಿ ಟೂಲ್ ಸುಡುತ್ತಾರೆ. ಮೊದಲು ನೋಡಬೇಕಾದದ್ದು ಲೋಹ ಮುಟ್ಟದೆ ಚಲಿಸುವ ಹೊತ್ತನ್ನು. ಡ್ರಿಲ್ಲಿಂಗ್ ಸೈಕಲ್ ಜಿ81ರಲ್ಲಿ, ಫೀಡ್ ಶುರುವಾಗುವ ಆರ್ ಬಿಂದು ಜಾಬ್‌ನಿಂದ 20 ಮಿಮೀ ಮೇಲಿದೆ, ಡ್ರಿಲ್ಲಿನ ಫೀಡ್ 150 ಎಂದಿಟ್ಟುಕೊಳ್ಳಿ. ಆರ್ ಬಿಂದುವನ್ನು 2 ಮಿಮೀಗೆ ಇಳಿಸಿದರೆ ತೂತಿಗೆ ಏಳು ಸೆಕೆಂಡು ಉಳಿತಾಯ. ಎಂಟು ತೂತಿಗೆ ಹತ್ತಿರಹತ್ತಿರ ಒಂದು ನಿಮಿಷ. ದಿನಕ್ಕೆ 200 ಪೀಸ್ ಎಂದರೆ ಮೂರು ಗಂಟೆಗೂ ಹೆಚ್ಚು ಮಷಿನ್ ಹೊತ್ತು, ಟೂಲಿಗೆ ಒಂದಿಷ್ಟೂ ಸವೆತವಿಲ್ಲದೆ.

10. ಮೈಕ್ರೋಮೀಟರ್ ನಿಮ್ಮ ಕೈಯಲ್ಲೂ ಇರಲಿ

ಅಳತೆ ಇನ್‌ಸ್ಪೆಕ್ಷನ್‌ನವರ ಕೆಲಸ ಎಂದು ಕೂತರೆ ನಿಮ್ಮ ಪ್ರೋಗ್ರಾಂ ಏನು ಮಾಡಿತು ಎಂಬುದು ನಿಮಗೇ ತಿಳಿಯದು. ಬಿಸಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಳತೆಗೆಂದು ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಅಲ್ಯೂಮಿನಿಯಂನಲ್ಲಿ 100 ಮಿಮೀ ಬೋರ್, ಹತ್ತು ಡಿಗ್ರಿ ಹೆಚ್ಚು ಬಿಸಿ ಇದ್ದರೆ 23 ಮೈಕ್ರಾನ್ ಹಿಗ್ಗಿರುತ್ತದೆ. ಆ ಬೋರಿನ ಎಚ್7 ಪಟ್ಟಿಯೇ 35 ಮೈಕ್ರಾನ್. ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಓಕೆ ಆದ ಜಾಬ್, ಗ್ರಾಹಕರ ಎಸಿ ಕೊಠಡಿಯಲ್ಲಿ ರಿಜೆಕ್ಟ್ ಆಗುವುದು ಹೀಗೆ. ಜಾಬ್ ತಣಿಯಲು ಬಿಟ್ಟು ಅಳೆಯಿರಿ.

11. ಕಲಿಯುವ ಜಾಗಗಳನ್ನು ಬಳಸಿಕೊಳ್ಳಿ, ಪಕ್ಕದವರಿಗೂ ಕಲಿಸಿ

ಈ ವಿಷಯದಲ್ಲಿ ಕರ್ನಾಟಕದವರು ಅದೃಷ್ಟವಂತರು. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇಂದು ರಾಜ್ಯದ ಹಲವು ಜಿಲ್ಲೆಗಳಲ್ಲಿದೆ. ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಯಂತ್ರೋಪಕರಣಗಳ ಇಮ್‌ಟೆಕ್ಸ್ ಮೇಳ ನಡೆದಾಗ ರಜೆ ಹಾಕಿಯಾದರೂ ಹೋಗಿ, ಓಡುವ ಮಷಿನ್ ಮುಂದೆ ನಿಂತು ಪ್ರಶ್ನೆ ಕೇಳಿ. ನಿಮ್ಮ ಶೆಡ್ಡಿನ ಹಳೆಯ ಟರ್ನರ್‌ಗಳನ್ನು ಮರೆಯಬೇಡಿ. ಚಿಪ್ಸ್‌ನ ಬಣ್ಣ ನೋಡಿ, ಕಟ್‌ನ ಸದ್ದು ಕೇಳಿ ಇನ್ಸರ್ಟ್ ಮುಗಿಯಿತೆಂದು ಹೇಳುವ ಅವರ ವಿದ್ಯೆ ಯಾವ ಮ್ಯಾನುಯಲ್‌ನಲ್ಲೂ ಸಿಗುವುದಿಲ್ಲ. ನಿಮಗೆ ಗೊತ್ತಿರುವುದು ಪಕ್ಕದವರಿಗೂ ತಿಳಿಯಲಿ: ಪ್ರೋಗ್ರಾಂನಲ್ಲಿ ಪ್ರತಿ ಟೂಲಿನ ಮುಂದೆ ಆವರಣದೊಳಗೆ ಅದರ ಹೆಸರು ಬರೆಯಿರಿ, ಸೆಟಪ್ ಶೀಟ್‌ನಲ್ಲಿ ಝೀರೋ ಎಲ್ಲಿ, ಟೂಲ್ ಎಷ್ಟು ಹೊರಗಿರಬೇಕು ಎಂದು ನಮೂದಿಸಿ. ಆಪರೇಟರ್‌ಗೆ ತಿಳಿಯದಂತೆ ಬರೆದು ತನ್ನ ಕೆಲಸ ಭದ್ರ ಮಾಡಿಕೊಳ್ಳುವುದು ಕೆಟ್ಟ ಅಭ್ಯಾಸ. ಅಂಥವರು ರಜೆಯಲ್ಲಿದ್ದಾಗ ಅಪಾಯಕ್ಕೆ ಒಡ್ಡಿಕೊಳ್ಳುವವರು ಸಹೋದ್ಯೋಗಿಗಳು.

12. ಬ್ಯಾಕಪ್ ಇವತ್ತೇ ತೆಗೆಯಿರಿ

ಹಲವು ಕಂಟ್ರೋಲ್‌ಗಳಲ್ಲಿ ಪ್ರೋಗ್ರಾಂ, ಆಫ್‌ಸೆಟ್, ಪ್ಯಾರಾಮೀಟರ್‌ಗಳ ನೆನಪು ನಿಂತಿರುವುದು ಒಂದು ಸಣ್ಣ ಬ್ಯಾಟರಿಯ ಮೇಲೆ. ಅದು ಸತ್ತ ಹೊತ್ತಿನಲ್ಲಿ ಕರೆಂಟೂ ಹೋದರೆ ವರ್ಷಗಳ ಕೆಲಸ ಅಳಿದುಹೋಗುತ್ತದೆ. ಪರದೆಯಲ್ಲಿ ಬ್ಯಾಟರಿ ಎಚ್ಚರಿಕೆ ಮಿನುಗುತ್ತಿದ್ದರೆ ಕೂಡಲೇ ಹೇಳಿ, ಮಷಿನ್ ಆನ್ ಇರುವಾಗಲೇ ಹೊಸದನ್ನು ಹಾಕಿಸಿ. ಈ ಪಾಳಿ ಮುಗಿಯುವ ಮುನ್ನ ನಿಮ್ಮ ಮಷಿನ್‌ನ ಪ್ರೋಗ್ರಾಂ ಮತ್ತು ಪ್ಯಾರಾಮೀಟರ್‌ಗಳನ್ನು ಕಾರ್ಡ್‌ಗೋ ಪೆನ್‌ಡ್ರೈವ್‌ಗೋ ಇಳಿಸಿ, ಮೇಲೆ ತಾರೀಕು ಬರೆದು ಆಫೀಸಿನ ಬೀರುವಿನಲ್ಲಿಡಿ.