ಮಳೆನಾಡಿನ ಮನೆಗೆ ಮರದ ನೆಲ: ಎಂಟು ಸೂತ್ರಗಳು

ಮರದ ನೆಲದ ಮೇಲೆ ಬರಿಗಾಲಲ್ಲಿ ನಡೆಯುವ ಸುಖಕ್ಕೆ ಟೈಲ್ಸ್ ಸಾಟಿಯಲ್ಲ. ಆದರೆ ಬೆಂಗಳೂರಿನ ಶೋರೂಮಿನಲ್ಲಿ ಕೇಳಿದ ಸಲಹೆಯನ್ನು ಹಾಗೆಯೇ ದಕ್ಷಿಣ ಕನ್ನಡದ ಸವಣೂರಿಗೆ ತಂದರೆ ನಡೆಯುವುದಿಲ್ಲ. ಪುತ್ತೂರು, ಕಡಬ, ಸುಳ್ಯದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ತಣ್ಣಗೆ, ಹಾಸಿಗೆಯೂ ತಣ್ಣಗೆ. ಬಣ್ಣ, ವಿನ್ಯಾಸ ಎಲ್ಲ ಆಮೇಲೆ. ಮೊದಲು ತೇವದ ಲೆಕ್ಕ ಹಾಕಿ.

1. ಮರಕ್ಕೆ ಉಪ್ಪರಿಗೆಯೇ ಸರಿಯಾದ ಜಾಗ. ತುಳುನಾಡಿನ ಹಳೆಯ ಗುತ್ತಿನ ಮನೆಗಳಲ್ಲಿ ಕೆಳಗೆ ಮಣ್ಣಿನ ನೆಲ, ಸೆಗಣಿ ಸಾರಣೆ. ಮರ ಇದ್ದದ್ದು ತಲೆಯ ಮೇಲೆ, ಮುಚ್ಚಿಗೆಯಲ್ಲಿ. ನೆಲದ ತೇವ ಅಲ್ಲಿಗೆ ಏರುತ್ತಿರಲಿಲ್ಲ, ಅಡುಗೆಮನೆಯ ಹೊಗೆ ಹಲಗೆಯನ್ನು ಹುಳದಿಂದ ಕಾಯುತ್ತಿತ್ತು. ಹಾಗಾಗಿ ಮಹಡಿಯ ಮಲಗುವ ಕೋಣೆಗೆ, ಓದುವ ಕೋಣೆಗೆ ಧೈರ್ಯವಾಗಿ ಹಾಕಿಸಿ. ಸಿಟೌಟ್, ಅಡುಗೆಮನೆ, ಬಚ್ಚಲಿನ ಪಕ್ಕ ಬೇಡವೇ ಬೇಡ.

2. ಕೆಳಗೇ ಬೇಕೆಂದಿದ್ದರೆ ಮನೆಯ ಹಿಂದಿನ ಬರೆಯನ್ನು ನೋಡಿ. ಗುಡ್ಡ ಕಡಿದು ಸಮತಟ್ಟು ಮಾಡಿದ ಜಾಗದಲ್ಲಿ ಮನೆಯಿದ್ದರೆ ಮಳೆಗಾಲದಲ್ಲಿ ಬರೆಯ ಒರತೆ ಹಿಂಬದಿಯ ಪಂಚಾಂಗಕ್ಕೆ ಬರುತ್ತದೆ. ಕೆಂಪುಕಲ್ಲು ಅದನ್ನು ಹೀರಿ ಒಳಗೆ ತರುತ್ತದೆ. ಬರೆಗೂ ಗೋಡೆಗೂ ನಡುವೆ ಚರಂಡಿ ಆಗದೆ ಹಲಗೆಯ ಮಾತೇ ಬೇಡ. ಪರೀಕ್ಷೆ ಸುಲಭ: ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಸಿಮೆಂಟು ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಚ್ಚಿ ಒಂದು ಹಗಲು ಒಂದು ರಾತ್ರಿ ಬಿಡಿ. ಎತ್ತಿದಾಗ ಒಳಮೈಯಲ್ಲಿ ನೀರಿನ ಹನಿ ಕಂಡರೆ, ಅಥವಾ ನೆಲ ಕಪ್ಪಾಗಿದ್ದರೆ, ಆ ಕೋಣೆಗೆ ಮರ ಆಗದು. ಈ ಪರೀಕ್ಷೆಯನ್ನು ಮಾರ್ಚಿನಲ್ಲಿ ಮಾಡಿದರೆ ಪ್ರಯೋಜನವಿಲ್ಲ.

3. ಊರಿನ ಮರದ ಗುಣ ತಿಳಿದಿರಲಿ. ಸಾಗುವಾನಿ ಎಲ್ಲರಿಗೂ ಗೊತ್ತು. ಹಲಸಿನ ಕೆಚ್ಚು ಮೊದಲು ಹಳದಿ, ವರ್ಷ ಕಳೆದಂತೆ ಕಂದು. ಗೆದ್ದಲು ಸುಲಭವಾಗಿ ಮುಟ್ಟುವುದಿಲ್ಲ. ಹೆಬ್ಬಲಸೂ ಒಳ್ಳೆಯದೇ. ಕಿರಾಲುಬೋಗಿ ಇನ್ನೂ ಗಟ್ಟಿ, ಮೊಳೆ ಬಡಿಯುವ ಮೊದಲು ತೂತು ಕೊರೆಯಲೇಬೇಕು. ಯಾವ ಮರವಾದರೂ ಹೊರಗಿನ ಬಿಳಿ ಭಾಗ ಹಲಗೆಯಲ್ಲಿ ಉಳಿಯದಂತೆ ನೋಡಿಕೊಳ್ಳಿ. ಹುಳ ಹಿಡಿಯುವುದು ಅಲ್ಲೇ. ಸ್ವಂತ ಜಾಗದ ಸಾಗುವಾನಿ, ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕಡಿದ ಮೇಲೆ ಅರ್ಜಿ ಹಾಕುವ ಯೋಚನೆ ಬಿಡಿ.

4. ಹಳೆಮನೆ ಕಳಚಿದ ಮರ ಸಿಕ್ಕರೆ ಅದೇ ಮೊದಲ ಆಯ್ಕೆ. ಎಷ್ಟೋ ಮಳೆಗಾಲ ಕಂಡ ಮುಚ್ಚಿಗೆಯ ಹಲಗೆ ಬಾಗುವಷ್ಟು ಆಗಲೇ ಬಾಗಿ ಮುಗಿದಿರುತ್ತದೆ. ಕೊಳ್ಳುವಾಗ ಹಲಗೆಯನ್ನು ಕವುಚಿ ಹಾಕಿ. ಸಣ್ಣ ತೂತುಗಳಿದ್ದರೆ ಹೆದರಬೇಡಿ, ಸುತ್ತಿಗೆಯಿಂದ ಬಡಿಯಿರಿ: ಹಿಟ್ಟಿನಂಥ ಪುಡಿ ಉದುರಿದರೆ ಹುಳ ಒಳಗೇ ಇರಬಹುದು, ಬಿಡಿ. ಟಣ್ ಎಂದು ಗಟ್ಟಿ ಸದ್ದು ಬಂದು ತೂತು ಒಣಗಿ ಕಪ್ಪಾಗಿದ್ದರೆ ಅದು ಹಳೆಯ ಗಾಯ. ಮಿಲ್ಲಿಗೆ ಒಯ್ಯುವ ಮೊದಲು ಮುರಿದ ಮೊಳೆಗಳನ್ನು ಅಯಸ್ಕಾಂತ ಆಡಿಸಿ ಹುಡುಕಿ, ಒಂದೂ ಬಿಡದೆ ಕೀಳಿಸಿ. ಇಲ್ಲದಿದ್ದರೆ ಮಿಲ್ಲಿನವರು ಗರಗಸ ಹಾಳಾಯಿತೆಂದು ಮರವನ್ನೇ ವಾಪಸು ಕಳಿಸುತ್ತಾರೆ. ಮೂರು-ನಾಲ್ಕು ಇಂಚಿನ ಪಟ್ಟಿಗಳಾಗಿ ಸೀಳಿಸಿ. ಅಗಲದ ಹಲಗೆ ಚಂದ ಕಂಡರೂ ತೇವಕ್ಕೆ ಹೆಚ್ಚು ಅಲುಗಾಡುತ್ತದೆ.

5. ರಬ್ಬರ್ ಮರ ಕೊಳ್ಳುವಾಗ ಒಂದೇ ಪ್ರಶ್ನೆ: ಟ್ರೀಟ್‌ಮೆಂಟ್ ಆಗಿದೆಯೇ? ಸುಳ್ಯ, ಕಡಬದ ಕಡೆ ರಬ್ಬರ್ ತೋಟಕ್ಕೆ ಬರವಿಲ್ಲ. ಹಾಲು ನಿಂತ ಮರ ಕಡಿದು ಹಾಗೆಯೇ ಬಿಟ್ಟರೆ ಬಹುಬೇಗ ನೀಲಿಗಟ್ಟಿ ಹುಳ ಬೀಳುತ್ತದೆ. ಬೋರಾಕ್ಸ್, ಬೋರಿಕ್ ಆ್ಯಸಿಡ್ ದ್ರಾವಣವನ್ನು ಟ್ಯಾಂಕಿನಲ್ಲಿ ಒತ್ತಡದಿಂದ ಒಳಕ್ಕೆ ತಳ್ಳಿ, ಆಮೇಲೆ ಬಿಸಿಗೂಡಿನಲ್ಲಿ ಒಣಗಿಸಿದ್ದಾದರೆ ಬಾಳುತ್ತದೆ. ಆದರೆ ಈ ಔಷಧ ನೀರಿಗೆ ತೊಳೆದುಹೋಗುವಂಥದ್ದು. ಒದ್ದೆ ಜಾಗಕ್ಕೆ ಬಳಸಬೇಡಿ.

6. ಲ್ಯಾಮಿನೇಟ್ ಮರವಲ್ಲ, ಮರದ ಚಿತ್ರ. ಕೆಳಗಿರುವುದು ಒತ್ತಿದ ಮರದ ನಾರಿನ ಹಲಗೆ. ಅಂಚಿನಿಂದ ನೀರು ಕುಡಿದು ಉಬ್ಬಿದರೆ ಮೊದಲಿನಂತಾಗದು. ಎಂಜಿನಿಯರ್ಡ್ ವುಡ್‌ನಲ್ಲಿ ಮೇಲಿನ ಪದರ ನಿಜವಾದ ಮರ. ಆ ಪದರ 3-4 ಮಿ.ಮೀ. ಇದ್ದರೆ ಮುಂದೆ ಉಜ್ಜಿ ಪಾಲಿಶ್ ಮಾಡಿಸಬಹುದು. ಕಾಗದದಷ್ಟು ತೆಳುವಿದ್ದರೆ ಬೆಲೆ ಕಡಿಮೆಯಾದರೂ ತೆಗೆದುಕೊಳ್ಳಬೇಡಿ.

7. ಜೋಡಿಸಲು ಒಳ್ಳೆಯ ಕಾಲ ದೀಪಾವಳಿ ಕಳೆದ ಮೇಲೆ. ಮಳೆಯಲ್ಲಿ ಹಾಕಿದ್ದು ಬೇಸಿಗೆಯಲ್ಲಿ ಸಂದು ಬಿಡುತ್ತದೆ, ಏಪ್ರಿಲ್‌ನಲ್ಲಿ ಬಿಗಿಯಾಗಿ ಹಾಕಿದ್ದು ಜುಲೈಯಲ್ಲಿ ಉಬ್ಬಿ ಏಳುತ್ತದೆ. ಪ್ಯಾಕೆಟ್‌ಗಳನ್ನು ಅದೇ ಕೋಣೆಯಲ್ಲಿ ಎರಡು ದಿನವಾದರೂ ಇಡಿ. ಊರಿನ ಮಿಲ್ಲಿನ ಹಲಗೆಯಾದರೆ ಎರಡು ವಾರ. ಗೋಡೆಯ ಸುತ್ತ 10 ಮಿ.ಮೀ. ಜಾಗ ಬಿಡಲೇಬೇಕು, ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ನೋಡಲು ಚಂದವಿಲ್ಲವೆಂದು ಆಚಾರಿಗಳು ಅದನ್ನು ತುಂಬಿಸಲು ಹೊರಟರೆ ಪಕ್ಕದಲ್ಲೇ ನಿಂತು ತಡೆಯಿರಿ. ಲೆಕ್ಕ: 12 ಅಡಿಗೆ 14 ಅಡಿಯ ಕೋಣೆ 168 ಚದರಡಿ, ಕತ್ತರಿಸಿ ಹೋಗುವುದಕ್ಕೆ ಶೇ. 10 ಸೇರಿಸಿ 185 ತರಿಸಿ.

8. ಬಕೆಟ್ ನೀರು ಚೆಲ್ಲಿ ಒರೆಸುವ ಅಭ್ಯಾಸ ಬಿಡಬೇಕು. ಹಿಂಡಿದ ಬಟ್ಟೆ ಸಾಕು. ಬಾಗಿಲಲ್ಲಿ ದಪ್ಪ ತೆಂಗಿನ ನಾರಿನ ಮ್ಯಾಟ್ ಇರಲಿ, ತೋಟದಿಂದ ಬಂದ ಕಾಲಿನ ಕೆಂಪು ಮರಳು ಪಾಲಿಶನ್ನು ಗೀರುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಒಂದು ಹೊತ್ತಾದರೂ ಫ್ಯಾನು ತಿರುಗಲಿ. ಮನೆಯವರು ಗಲ್ಫಿನಲ್ಲೋ ಮುಂಬೈಯಲ್ಲೋ ಇದ್ದು ಆಟಿಯಿಡೀ ಬೀಗ ಹಾಕಿರುವ ಮನೆಯಾದರೆ ಮರದ ಮೇಲೆ ಬೂಸ್ಟು ಖಂಡಿತ. ಅಂಥವರು ಕಾವಿ ನೆಲವನ್ನೇ ಹಾಕಿಸಿ, ಮರದ ಆಸೆಯನ್ನು ಮೆಟ್ಟಿಲಿಗೂ ಬಾಗಿಲಿಗೂ ಇಟ್ಟುಕೊಳ್ಳುವುದು ಒಳ್ಳೆಯದು.