ವಿಷ್ಣುವರ್ಧನನ ಕತ್ತಿ ಎಲ್ಲಿ?

ಪ್ರಶ್ನೆ: ಟಿಪ್ಪುವಿನ ಕತ್ತಿ ಕೋಟಿಗಟ್ಟಲೆಗೆ ಹರಾಜಾದ ಸುದ್ದಿ ಓದಿದ್ದ ನಮ್ಮ ಮಕ್ಕಳು, ಹಳೇಬೀಡಿನ ಮ್ಯೂಸಿಯಂನಲ್ಲಿ ‘ವಿಷ್ಣುವರ್ಧನನ ಕತ್ತಿ, ಕಿರೀಟ ಎಲ್ಲಿ?’ ಎಂದು ಕೇಳಿದರು. ಅಲ್ಲಿ ಕಂಡದ್ದು ಬರೀ ಕಲ್ಲು. ಹೊಯ್ಸಳ ದೊರೆಗಳ ಸ್ವಂತ ವಸ್ತುಗಳು ಏನಾದವು?
— ಓದುಗರೊಬ್ಬರು, ಅರಸೀಕೆರೆ

ಉತ್ತರ: ಟಿಪ್ಪುವಿನ ವಸ್ತುಗಳು ಉಳಿದದ್ದು ಗೆದ್ದವರ ಕೈಯಲ್ಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಅರಮನೆಯ ಸೊತ್ತನ್ನು ಹಂಚಿಕೊಂಡರು. ‘ಇದು ಟಿಪ್ಪುವಿನದು’ ಎಂದು ಹೇಳಿಕೊಳ್ಳುವುದೇ ಅವರಿಗೆ ಪ್ರತಿಷ್ಠೆ. ಹಾಗಾಗಿ ಹೆಸರೂ ವಸ್ತುವಿನ ಜೊತೆಗೇ ಉಳಿಯಿತು. ಸೇನಾನಿ ಬೇರ್ಡ್‌ಗೆ ಉಡುಗೊರೆಯಾಗಿ ಹೋದ ಕತ್ತಿ 2023ರಲ್ಲಿ ಲಂಡನ್ನಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಮಾರಾಟವಾಯಿತು.

ಹೊಯ್ಸಳರ ರಾಜಧಾನಿ ದೋರಸಮುದ್ರದ, ಅಂದರೆ ಇಂದಿನ ಹಳೇಬೀಡಿನ, ಕಥೆ ಬೇರೆ. 1311ರಲ್ಲಿ ದೆಹಲಿ ಸುಲ್ತಾನನ ಸೇನಾನಿ ಮಲಿಕ್ ಕಾಫೂರನ ದಂಡು ಬಂದಾಗ ಮೂರನೆಯ ಬಲ್ಲಾಳ ಆನೆ, ಕುದುರೆ, ಭಂಡಾರವನ್ನೆಲ್ಲ ಒಪ್ಪಿಸಬೇಕಾಯಿತು. ದಂಡಿಗೆ ಬೇಕಾದದ್ದು ಚಿನ್ನದ ತೂಕ. ಆ ಒಡವೆ ಯಾವ ದೊರೆಯದೆಂಬುದರಿಂದ ಅದಕ್ಕೇನೂ ಆಗಬೇಕಿರಲಿಲ್ಲ. ಅದಕ್ಕೂ ಮಿಗಿಲಾಗಿ, ಈಜಿಪ್ಟಿನವರಂತೆ ದೊರೆಯ ಜೊತೆ ಅವನ ಸಾಮಾನನ್ನು ಹೂಳುವ ರೂಢಿ ಇಲ್ಲಿರಲಿಲ್ಲ. ಮಣ್ಣಿನಡಿಯಲ್ಲಿ ತುತಾಂಖಾಮನ್‌ನ ವಸ್ತುಗಳು ಮೂರು ಸಾವಿರ ವರ್ಷ ಬಾಳಿದವು. ಇಲ್ಲಿ ಬಟ್ಟೆ ಹರಿಯಿತು, ಮರ ಗೆದ್ದಲು ಹಿಡಿಯಿತು, ಕಬ್ಬಿಣ ತುಕ್ಕು ತಿಂದಿತು.

ಆದರೂ ವಿಷ್ಣುವರ್ಧನ ತಾನೇ ಹೊರಡಿಸಿದ್ದೊಂದು ಉಳಿದಿದೆ: ಅವನ ಚಿನ್ನದ ನಾಣ್ಯ. ಬೆರಳ ತುದಿಯಷ್ಟಗಲದ ಬಿಲ್ಲೆ. ಒಂದು ಮಗ್ಗುಲಲ್ಲಿ ಸಿಂಹ, ಇನ್ನೊಂದು ಮಗ್ಗುಲಲ್ಲಿ ಮೂರು ಸಾಲು ಕನ್ನಡ. ಕೆಲವು ನಾಣ್ಯಗಳಲ್ಲಿ ‘ಶ್ರೀ ತಲಕಾಡುಗೊಂಡ’, ಕೆಲವುಗಳಲ್ಲಿ ‘ಶ್ರೀ ನೊಣಂಬವಾಡಿಗೊಂಡ’. ಚೋಳರಿಂದ ತಲಕಾಡನ್ನು ಗೆದ್ದುಕೊಂಡ ದೊರೆ, 1117ರಲ್ಲಿ ಬೇಲೂರಿನಲ್ಲಿ ಕೇಶವನನ್ನು ಪ್ರತಿಷ್ಠೆ ಮಾಡಿಸಿದವನು, ತನ್ನ ಹೆಸರಿನ ಬದಲು ಗೆಲುವನ್ನೇ ಚಿನ್ನದ ಮೇಲೆ ಒತ್ತಿಸಿದ. ಯಾರು ಎಂದು ಜನಕ್ಕೆ ಬಿಡಿಸಿ ಹೇಳಬೇಕಿರಲಿಲ್ಲ.

ಬೇಲೂರಿನ ಆ ಗುಡಿಯ ಮೂಡಣ ಬಾಗಿಲ ಪಕ್ಕದ ಜಾಲಂಧ್ರದಲ್ಲಿ ಒಡ್ಡೋಲಗದ ಕೆತ್ತನೆಯಿದೆ. ನಡುವೆ ಕೂತವನನ್ನು ವಿಷ್ಣುವರ್ಧನನೆಂದೇ ಸಾಮಾನ್ಯವಾಗಿ ತೋರಿಸುತ್ತಾರೆ. ಕಿರೀಟ, ಹಾರ, ಉಡುಗೆಗಳ ಬಗೆಯನ್ನು ಮಕ್ಕಳು ಅಲ್ಲಿ ನೋಡಲಿ.

ಕತ್ತಿಯೇ ಬೇಕೆಂದು ಹಟ ಹಿಡಿದರೆ ಹಳೇಬೀಡಿನಲ್ಲಿ ಹೊಯ್ಸಳೇಶ್ವರನ ಗುಡಿಯ ತೆಂಕಣ ಬದಿಯ ಗರುಡಗಂಬದ ಬಳಿ ನಿಲ್ಲಿಸಿ. ಇಮ್ಮಡಿ ಬಲ್ಲಾಳನ ಅಂಗರಕ್ಷಕನೂ ದಂಡನಾಯಕನೂ ಆಗಿದ್ದ ಕುವರಲಕ್ಷ್ಮ, ಒಡೆಯ ತೀರಿಕೊಂಡಾಗ ಮಡದಿಯೊಡನೆ ಪ್ರಾಣ ಬಿಟ್ಟನೆಂದು ಅದರ ಶಾಸನ ಹೇಳುತ್ತದೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರು ಕಂಬದ ಮೇಲಿದ್ದಾರೆ. ಅವರ ಕೈಯಲ್ಲಿರುವ ಆಯುಧ ಯಾರನ್ನೂ ಗೆದ್ದದ್ದಲ್ಲ. ದೊರೆಗೆ ಕೊಟ್ಟ ಭಾಷೆ ಉಳಿಸಿಕೊಂಡದ್ದು. ಆ ಕಾಲದ ಅರಸುತನಕ್ಕೆ ಜನ ತೆತ್ತ ಬೆಲೆಯನ್ನು ಗಾಜಿನ ಪೆಟ್ಟಿಗೆಯೊಳಗಿನ ಯಾವ ಕತ್ತಿಯೂ ಇಷ್ಟು ನೇರವಾಗಿ ಹೇಳದು.

ಬಾಣಾವರ, ಜಾವಗಲ್ ದಾರಿಯಲ್ಲಿ ಬಂದರೆ ಮೊದಲು ಹಳೇಬೀಡು, ಆಮೇಲೆ ಬೇಲೂರು. ಮ್ಯೂಸಿಯಂಗೆ ಶುಕ್ರವಾರ ರಜೆ. ಕಂಬ ಬಯಲಲ್ಲೇ ಇದೆ.