ಹಳೆಯ ಟ್ರಾಕ್ಟರಿಗೆ ಹನ್ನೆರಡು ವೋಲ್ಟ್: ಮುನ್ನ ತಿಳಿಯಬೇಕಾದುದು

ಮಲೆನಾಡಿನ ತೋಟದಿಂದ ಅಡಿಕೆ ಗೊನೆ ಹೇರಿ ಬರುವಾಗಲಾಗಲಿ, ತುಂಗಭದ್ರೆಯ ದಂಡೆಯ ಚೀಕಲಪರ್ವಿಯಲ್ಲಿ ಭತ್ತದ ಚೀಲ ಹೇರಿ ಬರುವಾಗಲಾಗಲಿ, ಕತ್ತಲಲ್ಲಿ ಟ್ರಾಕ್ಟರಿನ ದೀಪ ಮಂಕಾದರೆ ಅಪಾಯ ಒಂದೇ. ಹಳೆಯ ಪೆಟ್ರೋಲ್ ಟ್ರಾಕ್ಟರುಗಳಲ್ಲಿ ಹಲವು ೬ ವೋಲ್ಟಿನವು. ಅಮೆರಿಕದಲ್ಲಿ ೧೯೪೭ರಿಂದ ೧೯೫೨ರವರೆಗೆ ತಯಾರಾದ ಫೋರ್ಡ್ ೮ಎನ್ ಇದಕ್ಕೆ ಉದಾಹರಣೆ. ಇಂಥವನ್ನು ೧೨ ವೋಲ್ಟಿಗೆ ಬದಲಿಸುವ ವಿಚಾರವನ್ನು ಇಲ್ಲಿ ನೋಡೋಣ.

ಮೊದಲು ಲೆಕ್ಕ. ೩೬ ವಾಟಿನ ಬಲ್ಬು ೬ ವೋಲ್ಟಿನದಾದರೆ ೬ ಆಂಪಿಯರ್ ಎಳೆಯುತ್ತದೆ. ೧೨ ವೋಲ್ಟಿನದಾದರೆ ೩ ಆಂಪಿಯರ್ ಸಾಕು. ತಂತಿ ಮತ್ತು ಜೋಡಣೆಗಳಲ್ಲಿ ೦.೧ ಓಮ್ ತಡೆಯಿದ್ದರೆ ಮೊದಲನೆಯದರಲ್ಲಿ ಸುಮಾರು ೦.೬ ವೋಲ್ಟ್, ಅಂದರೆ ನೂರಕ್ಕೆ ೧೦ ಭಾಗ, ದಾರಿಯಲ್ಲೇ ನಷ್ಟ. ಎರಡನೆಯದರಲ್ಲಿ ೦.೩ ವೋಲ್ಟ್, ನೂರಕ್ಕೆ ಎರಡೂವರೆ ಭಾಗ ಮಾತ್ರ.

ಆದರೆ ಇದೇ ಲೆಕ್ಕದಿಂದ ಇನ್ನೊಂದು ಮಾತೂ ತಿಳಿಯುತ್ತದೆ: ಅನೇಕ ವೇಳೆ ದೋಷ ವೋಲ್ಟಿನದಲ್ಲ, ತಡೆಯದು. ದೀಪ ಉರಿಯುತ್ತಿರುವಾಗ ಬ್ಯಾಟರಿಯ ಬಳಿ ಒಮ್ಮೆ, ದೀಪದ ಬಳಿ ಒಮ್ಮೆ ವೋಲ್ಟ್ ಮೀಟರ್ ಹಿಡಿದು ನೋಡಿರಿ. ಅಂತರ ಹೆಚ್ಚಾಗಿದ್ದರೆ ಜೋಡಣೆಗಳ ತುಕ್ಕು ಕೆರೆದು, ಅರ್ಥ್ ಬಿಗಿಮಾಡಿ, ಸವೆದ ತಂತಿಗೆ ಬದಲಾಗಿ ದಪ್ಪ ತಂತಿ ಹಾಕಿಸಿರಿ. ಇಷ್ಟರಿಂದಲೇ ದೀಪ ಸರಿಹೋದರೆ ದೊಡ್ಡ ಖರ್ಚು ಉಳಿಯಿತು.

ಬದಲಿಸಲೇಬೇಕಾದಲ್ಲಿ ಅರೆಬರೆ ಕೆಲಸ ಸಲ್ಲದು. ಬ್ಯಾಟರಿ, ಎಲ್ಲ ಬಲ್ಬುಗಳು, ಹಾರ್ನ್, ಆ ಎಂಜಿನ್ನಿಗೆ ಹೊಂದುವ ಇಗ್ನಿಷನ್ ಕಾಯಿಲ್ ಇವೆಲ್ಲ ೧೨ ವೋಲ್ಟಿನವೇ ಆಗಬೇಕು. ಡೈನಮೋ ಮತ್ತು ಅದರ ರೆಗ್ಯುಲೇಟರಿನ ಸ್ಥಾನದಲ್ಲಿ ಆಲ್ಟರ್ನೇಟರ್ ಕೂಡಿಸುವುದು ವಾಡಿಕೆ. ಹಳೆಯ ಸ್ಟಾರ್ಟರ್ ಸಾಮಾನ್ಯವಾಗಿ ೧೨ ವೋಲ್ಟನ್ನು ತಾಳಿಕೊಳ್ಳುತ್ತದೆ. ಆದರೂ ಕೆಲವೇ ಸೆಕೆಂಡು ತಿರುಗಿಸಿ, ತಣಿಯಲು ಬಿಟ್ಟು, ಮತ್ತೆ ಪ್ರಯತ್ನಿಸತಕ್ಕದ್ದು.

ಹೆಚ್ಚಿನ ಎಚ್ಚರ ಬೇಕಾದದ್ದು ಅರ್ಥ್ ವಿಷಯದಲ್ಲಿ. ೮ಎನ್‌ನಲ್ಲಿ ಬ್ಯಾಟರಿಯ ಪ್ಲಸ್ ತುದಿ ಟ್ರಾಕ್ಟರಿನ ಮೈಗೆ ಸೇರಿರುತ್ತದೆ. ಈಗ ಸಿಗುವ ಆಲ್ಟರ್ನೇಟರುಗಳಿಗೆ ಸಾಮಾನ್ಯವಾಗಿ ಮೈನಸ್ ತುದಿ ಮೈಗೆ ಸೇರಬೇಕು. ಇದು ಅದಲುಬದಲಾದರೆ ಒಳಗಿನ ಡಯೋಡುಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಅರ್ಥ್ ಬದಲಿಸಿದಾಗ ಕಾಯಿಲ್ ಮತ್ತು ಅಮ್ಮೀಟರಿನ ತಂತಿಗಳನ್ನೂ ತಿರುವಿ ಹಾಕಬೇಕು. ಆಲ್ಟರ್ನೇಟರಿನಿಂದ ಬ್ಯಾಟರಿಗೆ ಬರುವ ತಂತಿ ದಪ್ಪನಾಗಿರಲಿ; ದೀಪದ ತಂತಿಗೆ ಫ್ಯೂಸ್ ಇರಲಿ.

ಕೆಲಸ ಆರಂಭಿಸುವಾಗ ಮೊದಲು ಅರ್ಥ್ ಕೇಬಲ್ ಬಿಚ್ಚಿರಿ. ಮುಗಿದ ಮೇಲೆ ಅದನ್ನೇ ಕಡೆಗೆ ಜೋಡಿಸಿರಿ. ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಅನಿಲಕ್ಕೂ ಪೆಟ್ರೋಲಿನ ಆವಿಗೂ ಒಂದು ಕಿಡಿ ಸಾಕು; ಬೀಡಿ, ಲಾಂದ್ರ ದೂರವಿರಲಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು ೧೪ ವೋಲ್ಟ್ ಕಂಡರೆ ಕೆಲಸ ಸರಿಯಾಗಿದೆ. ೧೫ ದಾಟಿದರೆ ಎಂಜಿನ್ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿರಿ.

ಮೀಟರ್ ಹಿಡಿದು ನೋಡಿದ ಮೇಲೆಯೇ ಸಾಮಾನು ಕೊಳ್ಳುವುದು ಲೇಸೆಂದು ನಾವು ಸದಸ್ಯ ಬಾಂಧವರಲ್ಲಿ ವಿನಂತಿಸುತ್ತೇವೆ.